ಟವಲಿನ ಕೆಳಗಿದ್ದ ಗೌಸನ ಕೈ

ರಾಜ್ಯ ಏಕೀಕರಣವಾಗಿ ಎರಡೋ ಮೂರೋ ವರ್ಷ ಕಳೆದಿತ್ತು. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ದೊಡ್ಡ ಊರಿನಲ್ಲಿ ಆಗ ನಾನು ರೇಷ್ಮೆಗೂಡಿನ ದಲ್ಲಾಳಿ. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಅವರ ಮನೆಯ ಮದುವೆಗಳಿಗೆ ನನಗೆ ಈಗಲೂ ಕರೆ ಬರುತ್ತದೆ. ಅದನ್ನು ಕಳೆದುಕೊಳ್ಳಲು ಇಷ್ಟವಿಲ್ಲ.

ನನ್ನದು ಅಂಬಾಜಿದುರ್ಗದ ಬುಡದ ಹಳ್ಳಿ. ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಬೇರೆಯವರ ಗೂಡಿನ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಪೇಟೆಗೆ ಬರುತ್ತಿದ್ದವನು, ಯಾವ ಗೂಡು ಎಷ್ಟು ನೂಲು ಬಿಟ್ಟೀತೆಂದು ಬೆರಳಲ್ಲಿ ಒತ್ತಿ ನೋಡಿ ಹೇಳುವುದನ್ನು ಕಲಿತೆ. ಮೂವತ್ತೆರಡನೇ ವಯಸ್ಸಿಗೆ ನನ್ನದೇ ಮಂಡಿ ಆಯಿತು. ಮೇಲೂರು ಕಡೆಯ ರೈತರು ಗೂಡು ತಂದು ನನ್ನಲ್ಲಿ ಇಳಿಸುತ್ತಿದ್ದರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಚರಕದಲ್ಲಿ ನೂಲು ಬಿಚ್ಚುವ ಊರಿನ ರೀಲರುಗಳು ಅದನ್ನು ಕೊಳ್ಳುತ್ತಿದ್ದರು. ಇಬ್ಬರ ನಡುವೆ ಬೆಲೆ ಕುದುರಿಸುವುದು ನನ್ನ ಕೆಲಸ. ಅದರಲ್ಲಿ ಗಟ್ಟಿಗನೆಂದು ಹೆಸರಾಗಿತ್ತು. ಅಣ್ಣತಮ್ಮಂದಿರ ಪಾಲು, ಬೇಲಿ ಜಗಳ, ಹೆಣ್ಣಿನ ಮಾತುಕತೆ, ಯಾವುದಕ್ಕೂ ಜನ ನನ್ನನ್ನು ಕರೆದೊಯ್ಯುತ್ತಿದ್ದರು.

ಆಗ ಬೆಲೆ ಕುದುರಿಸುತ್ತಿದ್ದ ರೀತಿ ಇಂದಿನವರಿಗೆ ಗೊತ್ತಿರಲಾರದು. ಬಾಯಲ್ಲಿ ಯಾರೂ ಬೆಲೆ ಹೇಳುತ್ತಿರಲಿಲ್ಲ. ದಲ್ಲಾಳಿ ತನ್ನ ಹೆಗಲ ಟವಲನ್ನು ಕೊಳ್ಳುವವನ ಬಲಗೈ ಮೇಲೆ ಹಾಸಿ, ಅದರ ಕೆಳಗೆ ಆ ಕೈಯನ್ನು ಹಿಡಿಯುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಒತ್ತಿದರೆ ಐದು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತಿತ್ತು, ಮುಖದಲ್ಲಿ ಏನನ್ನೂ ತೋರಗೊಡಬಾರದು. ಟವಲಿನ ಕೆಳಗೆ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ ಎನ್ನುವುದು ಕಸುಬಿನ ಮರ್ಯಾದೆ. ನಾನು ಮಂಡಿಯಲ್ಲಿ ಕೂತಷ್ಟು ಕಾಲವೂ ಅದನ್ನು ಉಳಿಸಿಕೊಂಡೆ, ಒಂದು ಸಲ ಬಿಟ್ಟು.

ಆ ವರ್ಷ ಹೊರಗಿನ ದೊಡ್ಡ ವ್ಯಾಪಾರಿಗಳು ಲಾರಿ ತಂದು ಒಳ್ಳೆಯ ಗೂಡನ್ನೆಲ್ಲ ಎತ್ತಿಕೊಂಡು ಹೋಗತೊಡಗಿದರು. ಊರಿನ ಚರಕಗಳಿಗೆ ಸಿಗುತ್ತಿದ್ದುದು ಕೊನೆಯ ಬುಟ್ಟಿಗಳು. ರೀಲರುಗಳು ತಮ್ಮ ಹಿರಿಯರಾದ ಕರೀಂ ಸಾಬರನ್ನು ಮುಂದೆ ಮಾಡಿಕೊಂಡು ಹರತಾಳ ಹೂಡಿದರು. ಲಾರಿಗೆ ಗೂಡು ತುಂಬುವುದನ್ನು ದಲ್ಲಾಳಿಗಳು ನಿಲ್ಲಿಸುವವರೆಗೆ ಊರಿನವರು ಯಾರೂ ಮಂಡಿಯಿಂದ ಒಂದು ಗೂಡನ್ನೂ ಕೊಳ್ಳಬಾರದೆಂದು ಮಾತಾಯಿತು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಗೂಡು ಕಾಯುವ ಸರಕಲ್ಲ. ಹುಳು ಗೂಡು ಕಟ್ಟಿ ಹತ್ತು ಹನ್ನೆರಡು ದಿನ ದಾಟಿದರೆ ಒಳಗಿನ ಚಿಟ್ಟೆ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ.

ಹರತಾಳದ ನಾಲ್ಕನೇ ದಿನ ಮೇಲೂರಿನ ರೈತನೊಬ್ಬನ ಬುಟ್ಟಿ ನನ್ನಲ್ಲಿ ಉಳಿದಿತ್ತು. ಹೋಟೆಲಿನಲ್ಲಿ ಗೌಸ್ ಸಿಕ್ಕಿದ. ಎರಡೇ ಚರಕದ ರೀಲರು ಅವನು. ಒಂದಕ್ಕೆ ಅವನು, ಇನ್ನೊಂದಕ್ಕೆ ಅವನ ಹೆಂಡತಿ ಮೆಹಬೂಬ್ ಬಿ. ನಾಲ್ಕು ದಿನದಿಂದ ಎರಡೂ ನಿಂತಿದ್ದವು. “ನಾಳೆ ಹಿತ್ತಿಲ ಕಡೆ ಬಾರೋ, ಒಂದು ಬುಟ್ಟಿ ಇದೆ” ಎಂದು ಕಿವಿಯಲ್ಲಿ ಹೇಳಿದೆ.

“ಕರೀಂ ಸಾಬ್ರಿಗೆ ಗೊತ್ತಾದ್ರೆ ನನ್ನ ಗಡ್ಡ ಕಿತ್ತಾರು ಪಿಳ್ಳಣ್ಣ.”

“ನಿಂಗೆಲ್ಲಿದೆಯೋ ಗಡ್ಡ? ಇರೋದು ನಾಕು ಕೂದಲು.”

“ಅದಕ್ಕೇ ಭಯ. ಇರೋದೇ ನಾಕು.”

ಮಾರನೆಯ ಬೆಳಿಗ್ಗೆ ಬಂದ. ಗೂಡಿನ ಯಜಮಾನ ಕಾಫಿಗೆ ಹೋಗಿದ್ದ. ಹಿತ್ತಿಲಿನಲ್ಲಿ ನಾವಿಬ್ಬರೇ. ಪಕ್ಕದ ರಸ್ತೆಗೆ ತೆರೆಯುವ ಗೇಟು ಅರ್ಧ ತೆರೆದಿತ್ತು. ಅದೇ ರಸ್ತೆಯಲ್ಲಿ ಒಂದಷ್ಟು ಮುಂದೆ ರೀಲರುಗಳು ಲಾರಿಗೆ ಅಡ್ಡ ಕೂತಿದ್ದರು. ಅವರ ಎದುರಿಗೆ ಹಿಂದಿನ ದಿನವೇ ಬಂದಿಳಿದಿದ್ದ ಪೊಲೀಸ್ ತುಕಡಿ. ಕೂಗು ನಮಗೂ ಕೇಳುತ್ತಿತ್ತು. ನಾಲ್ಕು ದಿನದಿಂದ ಕೇಳುತ್ತಿದ್ದುದೇ ಎಂದು ನಾನು ಟವಲು ಹಾಸಿದೆ.

ಗೌಸ್ ಮೊದಲ ಹಿಡಿತದಲ್ಲೇ ಸರಿಯಾದ ಬೆಲೆ ಕೊಟ್ಟ. ರೈತ ಕೇಳಿದ್ದೂ ಅಷ್ಟೇ. ಅಲ್ಲಿಗೆ ಕೈ ಬಿಟ್ಟಿದ್ದರೆ ಅವನು ಬುಟ್ಟಿ ಹೊತ್ತು ಮನೆ ಸೇರಿರುತ್ತಿದ್ದ. ಆದರೆ ನನಗೆ ಅಭ್ಯಾಸ. ಮೊದಲ ಮಾತಿಗೆ ಒಪ್ಪಿದರೆ ಕೊಳ್ಳುವವನಿಗೇ ಅನುಮಾನ ಬರುತ್ತದೆ ಎಂದು ಬೇರೆಯವರಿಗೆ ಪಾಠ ಹೇಳುತ್ತಿದ್ದವನು ನಾನು. ಅವನ ಕಿರುಬೆರಳು ಹಿಡಿದೆ. ಇನ್ನೊಂದು. ಅವನು ನಕ್ಕು ತಲೆಯಾಡಿಸಿದ. ನಾನು ಬಿಡಲಿಲ್ಲ. ಹೊರಗೆ ಕೂಗು ಜೋರಾಯಿತು, ತಗಡಿಗೆ ಕಲ್ಲು ಬಿದ್ದ ಸದ್ದಾಯಿತು.

“ಬಿಡು ಪಿಳ್ಳಣ್ಣ, ಅಲ್ಲೇನೋ ಆಗ್ತೈತೆ. ನಾನು ಹೋಗ್ತೀನಿ.”

“ಒಂದೇ ಒಂದು. ಆಮೇಲೆ ಹೋಗು.”

ಪಟಾಕಿಯಂಥ ಒಂದು ಸದ್ದು. ಅದರ ಹಿಂದೆಯೇ ಎರಡನೆಯದು. ನನ್ನ ಕೈಯೊಳಗಿದ್ದ ಅವನ ಕೈ ಒಮ್ಮೆ ಬಿಗಿಯಾಗಿ ಹಿಡಿದು ಸಡಿಲವಾಯಿತು. ಟವಲು ಕೆಳಗೆ ಬಿತ್ತು. ಅವನು ಹೊಟ್ಟೆ ಹಿಡಿದುಕೊಂಡು, ನಾನೇನೋ ಮಾಡಿದೆನೆಂಬಂತೆ ನನ್ನನ್ನೊಮ್ಮೆ ನೋಡಿ, ಗೇಟಿನ ಕಡೆ ನಡೆದ. ದಾಟಿ ರಸ್ತೆಗೂ ಹೋದ. ಅಲ್ಲಿ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದ ಜನರ ನಡುವೆ ಬಿದ್ದ. ಅವನು ಎಲ್ಲಿಂದ ಬಂದನೆಂದು ನೋಡುವ ಪರಿವೆ ಯಾರಿಗೂ ಇರಲಿಲ್ಲ.

ಮೂರು ಗುಂಡು ಹಾರಿದ್ದವೆಂದು ಆಮೇಲೆ ತಿಳಿಯಿತು. ಅವುಗಳಲ್ಲಿ ಒಂದು ಅರ್ಧ ತೆರೆದ ಗೇಟಿನಿಂದ ಒಳಗೆ ಬಂದಿತ್ತು. ಕಲ್ಲು ಬಿದ್ದದ್ದೂ ನಿಜ. ಒಬ್ಬ ಪೊಲೀಸಿನವನ ತಲೆ ಒಡೆದಿತ್ತು. ನಾನೇ ಜಟಕಾ ಕಟ್ಟಿಸಿ ಗೌಸನನ್ನು ಚಿಂತಾಮಣಿ ಆಸ್ಪತ್ರೆಗೆ ಹೊರಡಿಸಿದೆ. ದಾರಿಯಲ್ಲೇ ಜೀವ ಹೋಯಿತು.

ಸಂಜೆಯ ಹೊತ್ತಿಗೆ ಊರಿನಲ್ಲಿ ಎರಡು ಕಥೆ ಹುಟ್ಟಿದ್ದವು. ಪೊಲೀಸರ ಕಾಗದದಲ್ಲಿ ಗೌಸ್ ಕಲ್ಲೆಸೆದ ಗುಂಪಿನ ಮುಂದಾಳು, ಅವನನ್ನು ತಡೆಯಲು ಗುಂಡು ಹಾರಿಸಲೇಬೇಕಾಯಿತು. ಊರಿನವರ ಬಾಯಲ್ಲಿ ಅವನು ಲಾರಿಯ ಮುಂದೆ ಎದೆಯೊಡ್ಡಿ ನಿಂತ ಧೀರ. ಎರಡರಲ್ಲೂ ಅವನು ಮುಂದಿನ ಸಾಲಿನಲ್ಲಿದ್ದ. ಅವನು ನನ್ನ ಹಿತ್ತಿಲಿನಲ್ಲಿದ್ದನೆಂದು ಬಲ್ಲವನು ನಾನೊಬ್ಬನೇ ಎಂದುಕೊಂಡಿದ್ದೆ. ಬಾಯಿ ಬಿಡಲಿಲ್ಲ. ಹೇಳಿದರೆ ಹರತಾಳ ಮುರಿದವನೆಂದು ಸತ್ತವನಿಗೆ ಕೆಟ್ಟ ಹೆಸರು, ಮುರಿಸಿದವನೆಂದು ನನಗೂ ಕೆಟ್ಟ ಹೆಸರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನಗಳಲ್ಲಿ ಬೇರೆಯವರ ಮರ್ಯಾದೆ ಯಾವಾಗಲೂ ಮೊದಲು ಬರುತ್ತದೆ. ಓದುವವರು ತಮ್ಮ ವಿಷಯದಲ್ಲೂ ಇದನ್ನು ಗಮನಿಸಿಕೊಳ್ಳುವುದು ಒಳ್ಳೆಯದು.

ಒಂಬತ್ತು ದಿನ ಊರು ಬಂದ್ ಆಯಿತು. ಹಿಂದೂ ಬೀದಿ, ಸಾಬರ ಬೀದಿ ಎನ್ನದೆ ಅಂಗಡಿಗಳು ಮುಚ್ಚಿದವು. ಬೆಂದ ಹುಳುವಿನ ವಾಸನೆಯಿಲ್ಲದ ಆ ಊರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಜನ ತಾಲ್ಲೂಕು ಕಚೇರಿಯವರೆಗೆ ಒಂದು ಘೋಷಣೆಯನ್ನೂ ಕೂಗದೆ ನಡೆದುಹೋದರು. ನಾನೂ ಕಪ್ಪು ಬಟ್ಟೆ ಕಟ್ಟಿಕೊಂಡಿದ್ದೆ. ನನ್ನನ್ನು ಎರಡನೇ ಸಾಲಿನಲ್ಲಿ ನಿಲ್ಲಿಸಿದ್ದರು.

ಎಲ್ಲಿ ನಾಲ್ಕು ಜನ ಸೇರಿದರೂ ಅದೇ ಚರ್ಚೆ. ಹೋಟೆಲಿನ ಬಾಗಿಲು ಅರ್ಧ ಹಾಕಿ ಒಳಗೆ ಕಾಫಿ ಕೊಡುತ್ತಿದ್ದರು. “ತಲೆ ಒಡೆಯೋ ಹಂಗೆ ಕಲ್ಲು ಬೀರಿದ್ರೆ ಪೊಲೀಸ್ನೋರು ಕೈಕಟ್ಕೊಂಡು ನಿಂತ್ಕೋಬೇಕಾ? ಅವರೂ ಮಕ್ಕಳೊಂದಿಗರೇ ಅಲ್ವಾ?” ಎಂದು ಒಬ್ಬ ಕೇಳಿದರೆ, “ಕಾಲಿಗೆ ಹೊಡೀಬಹುದಿತ್ತಲ್ಲ” ಎಂದು ಇನ್ನೊಬ್ಬ. ನಾರಾಯಣಪ್ಪ ಮೇಷ್ಟ್ರು ಒಂದು ದಿನ ಲೋಟ ಕೆಳಗಿಟ್ಟರು. ಅವರು ಗೌರಿಬಿದನೂರು ಕಡೆಯವರು, ಹುಡುಗರಾಗಿದ್ದಾಗ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ ದಿನ ಅಲ್ಲಿದ್ದವರು.

“ಅವತ್ತು ಓಡ್ತಾ ಓಡ್ತಾ ನಾವೆಲ್ಲ ಅಂದ್ಕೊಂಡಿದ್ದು ಒಂದೇ ಕಣಪ್ಪ. ನಮ್ಮ ಸರ್ಕಾರ ಬರ್ಲಿ, ಆಮೇಲೆ ಹಿಂಗಾಗಲ್ಲ ಅಂತ. ಈಗ ಬಂದಿದೆ. ನಮ್ಮದೇ ಆದ್ಮೇಲೆ ಬೈದು ಸುಮ್ನಾಗೋ ಹಂಗಿಲ್ಲ, ಕೇಳಿ ಉತ್ತರ ತಗೋಬೇಕು. ಸತ್ತೋನು ಏನು ಮಾಡ್ತಿದ್ದ, ಯಾಕೆ ಸತ್ತ, ಅದು ನಾಕು ಜನರ ಮುಂದೆ ತೀರ್ಮಾನ ಆಗ್ಬೇಕು.”

ಹೀಗೆ ಎಲ್ಲ ಕಡೆಯಿಂದ ಒತ್ತಾಯ ಬಂದು ಮ್ಯಾಜಿಸ್ಟ್ರೇಟ್ ವಿಚಾರಣೆ ಗೊತ್ತಾಯಿತು. ಗುಂಡು ಹಾರಿಸಿದ್ದು ಅಗತ್ಯವಾಗಿತ್ತೇ ಎಂದು ಪೊಲೀಸ್ ಇಲಾಖೆಗೆ ಸೇರದ ಒಬ್ಬ ಮೇಲಧಿಕಾರಿ ಸಾಕ್ಷಿಗಳನ್ನು ಕೇಳಿ ಸರ್ಕಾರಕ್ಕೆ ವರದಿ ಕೊಡುವ ಕ್ರಮ ಅದು.

ವಿಚಾರಣೆಗೆ ಮೊದಲು ತಾಲ್ಲೂಕಿನ ಅಮಲ್ದಾರರು ನನಗೆ ಹೇಳಿಕಳಿಸಿದರು. ಒಳ್ಳೆಯ ಮನುಷ್ಯ, ಊರು ತೆರೆದರೆ ಸಾಕೆಂದು ಕಂಗಾಲಾಗಿದ್ದರು. ಕೋಣೆಯಲ್ಲಿ ಇಬ್ಬರೇ ಕೂತು ಮಾತು ಕುದುರಿಸಿದೆವು. ಗುಂಡು ಹಾರಿದ ದಿನ ಕಲ್ಲೆಸೆದರೆಂದು ಪೊಲೀಸರು ಹಿಡಿದೊಯ್ದಿದ್ದ ಹನ್ನೊಂದು ಜನರ ಮೇಲಿನ ಕೇಸು ಬಿಡುವಂತೆ ಅವರು ಮೇಲಿನವರಿಗೆ ಬರೆಯುವುದು, ಲಾರಿಯ ಪ್ರಶ್ನೆಗೆ ಒಂದು ದಾರಿ ಹುಡುಕುವುದು, ಗೌಸನ ಮನೆಗೆ ಏನಾದರೂ ಕೊಡಿಸುವುದು. ಊರಿನವರು ಅಂಗಡಿ ತೆರೆಯುವುದು, ವಿಚಾರಣೆಯಲ್ಲಿ ಹೆಚ್ಚು ಜಗ್ಗಾಡದಿರುವುದು. ಮುಂದಾಳು ಎಂದು ಸತ್ತವನ ಹೆಸರು ಇರುವುದು ಹಾಗೇ ಇರಲಿ, ಬದುಕಿದವರಾದರೂ ಮನೆಗೆ ಬರುತ್ತಾರೆ. ಇದು ನನ್ನ ಜೀವನದ ಅತ್ಯುತ್ತಮ ವ್ಯಾಪಾರ ಎಂದುಕೊಂಡು ಹೊರಗೆ ಬಂದೆ.

ಗೌಸನ ಮನೆಯವರನ್ನು ಒಪ್ಪಿಸುವುದೊಂದು ಬಾಕಿ. ಅವರ ಧರ್ಮದ ಪದ್ಧತಿಯಂತೆ, ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮೆಹಬೂಬ್ ಬಿ ಮನೆಯಿಂದ ಹೊರಗೆ ಬರುವಂತಿರಲಿಲ್ಲ, ಹೊರಗಿನವರಿಗೆ ಮುಖ ತೋರುವಂತಿರಲಿಲ್ಲ. ಗೌಸನ ತಾಯಿ ಎಲ್ಲಿಗೋ ಹೋಗಿದ್ದಳು. ಮೆಹಬೂಬ್ ಬಿಯ ಅಪ್ಪ ಜಗಲಿಯಲ್ಲಿ ಕೂತಿದ್ದ. ನಾನು ಜಗಲಿಯಲ್ಲೇ ಕೂತು ಬಾಗಿಲ ಪರದೆಗೆ ಮುಖ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಪರದೆಯ ಹಿಂದಿನಿಂದ ಮೆಹಬೂಬ್ ಬಿ ಮಾತಾಡಿದಳು.

“ಪಿಳ್ಳಣ್ಣ, ಅವತ್ತು ನಾನು ಒಲೆ ಮೇಲೆ ನೀರು ಕಾಯ್ಸಿಟ್ಕೊಂಡು ಕೂತಿದ್ದೆ, ಗೂಡು ಬರುತ್ತೆ ಅಂತ. ನಿಮ್ಮ ಹಿತ್ತಿಲಿಗೆ ಹೋಗ್ತೀನಿ ಅಂತ ಹೇಳೇ ಹೋದ್ರು.”

“ಅದನ್ನ ಹೇಳಿದ್ರೆ ಹರತಾಳ ಮುರಿದ ಅಂತ ಜನ ಬೈತಾರಮ್ಮ” ಎಂದೆ.

“ಬೈಲಿ. ಕೊಂಡಿದ್ದು ನಿಜ, ಬೈಸ್ಕೋತೀನಿ. ಇನ್ನೊಬ್ಬರ ತಲೆ ಒಡೆದೋನು ಅಂತ ಅನ್ನಿಸ್ಕೊಳ್ಳೋಕಾಗಲ್ಲ. ಪೊಲೀಸ್ನೋರು ಬೈತಾರೆ, ಊರಿನೋರು ಹೊಗಳ್ತಾರೆ. ಇಬ್ರೂ ಹೇಳೋದು ಒಂದೇ ಸುಳ್ಳು. ನಮ್ಮನೆಯೋರು ಅಲ್ಲಿ ಇರ್ಲೇ ಇಲ್ಲ.”

“ಹನ್ನೊಂದು ಜನ ಮನೆಗೆ ಬರ್ತಾರಲ್ಲಮ್ಮ.”

“ಬರ್ಲಿ. ಅವರನ್ನ ಬಿಡಿಸೋದಕ್ಕೆ ಇವರನ್ನ ಯಾಕೆ ಹಿಡಿದು ಕೊಡ್ತೀರ? ನಾನು ಹೊರಗೆ ಬರೋ ಹಂಗಿದ್ದಿದ್ರೆ ನಾನೇ ಬಂದು ಹೇಳ್ತಿದ್ದೆ. ನೋಡಿದೋರು ನೀವೊಬ್ಬರೇ. ನೀವು ಹೇಳ್ತೀರೋ ಇಲ್ವೋ ಅಷ್ಟು ಹೇಳಿ.”

ನಾನು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಎದ್ದು ಬಂದೆ. ಬೆಲೆ ಹೇಳದೆ ಎದ್ದು ಬರುವುದೂ ನನ್ನ ಕಸುಬಿನ ಒಂದು ಪಟ್ಟು. ಆದರೆ ಅವಳು ಹಿಂದಿನಿಂದ ಕೂಗಿ ಕರೆಯಲಿಲ್ಲ.

ಮೂರು ದಿನ ಒದ್ದಾಡಿದೆ. ಜನ ಮಂಡಿಗೆ ಬೆಂಕಿ ಇಟ್ಟಾರೇ, ಅಮಲ್ದಾರರು ಇನ್ನು ನಂಬಿಯಾರೇ, ರೈತರು ಬೇರೆ ದಲ್ಲಾಳಿಯ ಹತ್ತಿರ ಹೋದಾರೇ ಎಂದೆಲ್ಲ ಯೋಚಿಸಿದೆ. ಕೊನೆಗೆ ಸಾಕ್ಷಿ ಹೇಳಲು ಹೆಸರು ಬರೆಸಿದೆ. ಕರೀಂ ಸಾಬರಿಗೆ ಮೊದಲೇ ತಿಳಿಸಬೇಕಿತ್ತು. ಧೈರ್ಯ ಸಾಲದೆ ತಿಳಿಸಲಿಲ್ಲ. ಅದು ಇನ್ನೊಂದು ತಪ್ಪು. ಸಭೆಯಲ್ಲಿ ಯಾರ ಮನಸ್ಸಿಗೆ ಏಟು ಬೀಳುತ್ತದೋ ಅವರಿಗೆ ಆ ಮಾತನ್ನು ಮನೆಯಲ್ಲೇ ಮೊದಲು ಹೇಳಿಬಿಡಿ.

ಗೌಸ್ ಸತ್ತ ಹದಿನೇಳನೆಯ ದಿನ ಶಾಲೆಯ ಹಜಾರದಲ್ಲಿ ವಿಚಾರಣೆ ನಡೆಯಿತು. ಕಿಟಕಿಗಳ ತುಂಬ ಜನ, ಹೊರಗಿನ ಬಯಲಿನಲ್ಲೂ ಜನ. ಅಧಿಕಾರಿ ಸಣ್ಣ ದನಿಯ ಮನುಷ್ಯ. ನನ್ನ ಸರದಿ ಬಂದಾಗ, ಗುಂಡು ಹಾರಿದ ಹೊತ್ತಿಗೆ ಗೌಸ್ ನನ್ನ ಹಿತ್ತಿಲಿನಲ್ಲಿದ್ದ, ನನ್ನಿಂದ ಗೂಡು ಕೊಳ್ಳುತ್ತಿದ್ದ ಎಂದೆ. ಕಿಟಕಿಗಳಲ್ಲಿ ಗುಜುಗುಜು ಎದ್ದಿತು. ಪೊಲೀಸರ ಕಡೆಯ ವಕೀಲರು ಎದ್ದು, ಬೆಲೆ ಮುಗಿಸಿ ಹೊರಗೆ ಓಡಿ ಕಲ್ಲೆಸೆದಿರಬಹುದಲ್ಲ ಎಂದರು.

“ಇಲ್ಲ ಸ್ವಾಮಿ. ಅವನ ಬಲಗೈ ನನ್ನ ಕೈಯಲ್ಲಿತ್ತು.”

ಹೇಗೆಂದು ತೋರಿಸಿ ಎಂದರು ಅಧಿಕಾರಿ. ನಾನು ಮೇಜಿನ ಹತ್ತಿರ ಹೋಗಿ, ಅಪ್ಪಣೆ ಕೇಳಿಕೊಂಡು, ಅವರ ಬಲಗೈ ಮೇಲೆ ಟವಲು ಹಾಸಿ ಕೆಳಗೆ ಕೈ ಹಿಡಿದೆ. ಗುಮಾಸ್ತ ನಗು ತಡೆದುಕೊಂಡ. ಅಧಿಕಾರಿ ನಗಲಿಲ್ಲ. “ವ್ಯಾಪಾರ ಇಷ್ಟೇ ಆದರೆ ಕ್ಷಣದಲ್ಲಿ ಮುಗಿಯುತ್ತದಲ್ಲ. ಕೈ ಬಿಟ್ಟಿರಲಿಲ್ಲ ಎಂದು ಹೇಗೆ ಅಷ್ಟು ಖಚಿತವಾಗಿ ಹೇಳುತ್ತೀರಿ?”

ಇದೊಂದನ್ನು ಯಾರೂ ಕೇಳದಿರಲಿ ಎಂದು ಹದಿನೇಳು ದಿನದಿಂದ ಬೇಡಿಕೊಂಡಿದ್ದೆ.

“ಅವನು ಕೊಟ್ಟ ಬೆಲೆ ಸರಿಯಾಗಿತ್ತು ಸ್ವಾಮಿ. ಇನ್ನೂ ಒಂದು ಎಳೆಯೋಣ ಅಂತ ನಾನೇ ಹಿಡ್ಕೊಂಡಿದ್ದೆ. ಬಿಡು, ಹೋಗ್ತೀನಿ ಅಂದ. ನಾನು ಬಿಡ್ಲಿಲ್ಲ. ಗುಂಡು ಬಿದ್ದಾಗ್ಲೂ ಹಿಡ್ಕೊಂಡೇ ಇದ್ದೆ.”

ಅಧಿಕಾರಿ ಟವಲಿನ ಕೆಳಗಿಂದ ತಮ್ಮ ಕೈಯನ್ನು ನಿಧಾನವಾಗಿ ತೆಗೆದುಕೊಂಡು, ಬರೆದುಕೊಳ್ಳುವಂತೆ ಗುಮಾಸ್ತನಿಗೆ ಹೇಳಿದರು.

“ಹರತಾಳ ಮುರಿದೋನ್ಗಾ ನಾವು ಒಂಬತ್ತು ದಿನ ಅಂಗಡಿ ಮುಚ್ಚಿದ್ದು?” ಎಂದು ಕಿಟಕಿಯಿಂದ ಯಾರೋ ಕೂಗಿದರು. ಕರೀಂ ಸಾಬರು ಬೆಂಚಿನಿಂದ ಎದ್ದು ನಿಂತರು. ಅಧಿಕಾರಿ ತಡೆಯಲಿಲ್ಲ.

“ಕೊಂಡಿದ್ರೆ ಕೊಂಡ. ಮನೇಲಿ ಒಲೆ ಹತ್ಬೇಕಲ್ಲ. ನನಗೆ ಗೊತ್ತಾಗಿದ್ರೆ ನಾನು ಅವನಿಗೆ ಬೈತಿದ್ದೆ, ಒಂದೆರಡು ಬಿಡ್ತಿದ್ದೆ, ಸಾಯಂಕಾಲ ಕರೆದು ಚಾ ಕುಡಿಸ್ತಿದ್ದೆ. ಅದು ನಮ್ಮ ನಮ್ಮ ವಿಷಯ. ಅದಕ್ಕೆ ಗುಂಡು ಅಂತ ನಾವು ಹೇಳಿರ್ಲಿಲ್ಲ.”

ಆಮೇಲೆ ಯಾರೂ ಕೂಗಲಿಲ್ಲ. ಹೊರಗೆ ಬಂದಾಗ ಅವರು ನನ್ನ ಪಕ್ಕ ನಿಂತು, ನನ್ನ ಮುಖ ನೋಡದೆ ಹೇಳಿದರು: “ಪಿಳ್ಳಪ್ಪನೋರೆ, ನಿಮ್ಮ ಮಂಡಿಗೆ ನಾನು ಒಂದು ವರ್ಷ ಬರಲ್ಲ. ಹೇಳಿದ್ದು ಒಳ್ಳೇದಾಯ್ತು. ಆದ್ರೂ ಬರಲ್ಲ.” ಹಾಗೇ ನಡೆದುಕೊಂಡರು. ವರ್ಷ ತುಂಬಿದ ಮೇಲೆ ಬಂದು ಏನೂ ಆಗದವರಂತೆ ಟವಲಿಗೆ ಕೈ ಕೊಟ್ಟರು.

ಕೆಲವು ತಿಂಗಳ ಮೇಲೆ ವರದಿಯ ಸಾರಾಂಶ ತಿಳಿಯಿತು. ಮೃತನು ಗುಂಪಿನಲ್ಲಿದ್ದವನಲ್ಲ, ಕಲ್ಲೆಸೆದವನಲ್ಲ ಎಂದು ಅದರಲ್ಲಿ ಬರೆದಿತ್ತು. ಮೊದಲ ಗುಂಡನ್ನು ಒಪ್ಪಿ, ಜನ ಓಡಲು ತೊಡಗಿದ ಮೇಲೆ ಹಾರಿಸಿದ ಉಳಿದ ಎರಡನ್ನು ಅನಗತ್ಯವೆಂದಿದ್ದರು. ಆಜ್ಞೆ ಕೊಟ್ಟವರಿಗೆ ವರ್ಗವಾಯಿತು, ಅಷ್ಟೇ. ಇಷ್ಟಕ್ಕೇ ಬಿಡಬಾರದೆಂದು ಮೇಷ್ಟ್ರು ಬಹಳ ದಿನ ಅರ್ಜಿ ಬರೆಯುತ್ತಿದ್ದರು. ಮುಂದಾಳಿನ ಕಥೆ ಬಿದ್ದುಹೋದ ಮೇಲೆ ಹನ್ನೊಂದು ಜನರ ಕೇಸೂ ನಿಲ್ಲಲಿಲ್ಲ. ಅಂದರೆ ನಾನು ಮುಚ್ಚಿದ ಕೋಣೆಯಲ್ಲಿ ಕುದುರಿಸಿ ತಂದಿದ್ದ ಲಾಭ, ನಿಜ ಹೇಳಿದ್ದಕ್ಕೇ ಬಂತು. ಎಲ್ಲ ಸಲವೂ ಹೀಗಾಗುತ್ತದೆಂದು ನಾನು ಭರವಸೆ ಕೊಡಲಾರೆ. ಲಾರಿಗೆ ತುಂಬುವ ಮೊದಲು ಊರಿನ ಚರಕಗಳಿಗೆ ಗೂಡು ಕೊಡಬೇಕೆಂಬ ಕಟ್ಟುಪಾಡನ್ನು ದಲ್ಲಾಳಿಗಳು ಒಪ್ಪಿಕೊಂಡೆವು.

ನಾಲ್ಕು ತಿಂಗಳು ಹತ್ತು ದಿನ ಕಳೆದ ವಾರ ಮೆಹಬೂಬ್ ಬಿ ಅತ್ತೆಯನ್ನು ಕರೆದುಕೊಂಡು ಮಂಡಿಗೆ ಬಂದಳು, ಗಂಡನಂತೆ ಹಿತ್ತಿಲಿನಿಂದಲ್ಲ, ಮುಂದಿನ ಬಾಗಿಲಿನಿಂದ. ಗೂಡು ಬೇಕೆಂದಳು. ಹೆಂಗಸಿನ ಕೈಯನ್ನು ಟವಲಿನ ಕೆಳಗೆ ಹಿಡಿಯುವ ಪದ್ಧತಿ ಇಲ್ಲ. ಮಂಡಿಗೆ ಹೆಂಗಸರು ಕೊಳ್ಳಲು ಬರುತ್ತಲೇ ಇರಲಿಲ್ಲ. ನಾನು ತಬ್ಬಿಬ್ಬಾಗಿ ನಿಂತೆ. “ಬಾಯಲ್ಲೇ ಹೇಳಿ ಪಿಳ್ಳಣ್ಣ, ಎಲ್ರೂ ಕೇಳ್ಲಿ” ಎಂದಳು. ಹೇಳಿದೆ. ಮುಂದೆ ಸರ್ಕಾರದ ಮಾರುಕಟ್ಟೆ, ಬಹಿರಂಗ ಹರಾಜು ಬರುವವರೆಗೂ ಅವಳೊಬ್ಬಳಿಗೆ ನಾನು ಬೆಲೆಯನ್ನು ಬಾಯಲ್ಲೇ ಹೇಳುತ್ತಿದ್ದೆ.

ಆ ದಿನ ಅವಳು ಗೂಡು ಆರಿಸುತ್ತಿದ್ದಾಗ ಗೌಸನ ತಾಯಿ ನನ್ನ ಪಕ್ಕದ ಚೀಲದ ಮೇಲೆ ಕೂತಳು. ಸೊಸೆ ನಿಜ ಹೇಳಿದಾಗ ತನ್ನ ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡಿದ್ದಳಂತೆ. ಮಗ ಕಲ್ಲು ಹೊಡೆದದ್ದೇ ನಿಜವೆಂದು ನಂಬಿ, ತಲೆ ಒಡೆದ ಪೊಲೀಸಿನವನನ್ನು ನೋಡಲು ನಾಲ್ಕು ಮೊಟ್ಟೆ ಬೇಯಿಸಿಕೊಂಡು ಚಿಂತಾಮಣಿ ಆಸ್ಪತ್ರೆಗೆ ಹೋಗಿದ್ದಳಂತೆ. ನಾನು ಅವರ ಜಗಲಿಯಲ್ಲಿ ಕೂತು ನನ್ನ ಒಳ್ಳೆಯ ವ್ಯಾಪಾರವನ್ನು ವಿವರಿಸುತ್ತಿದ್ದ ದಿನವೇ.

“ಮಾಫಿ ಕೇಳ್ಕೊಂಡು ಬಂದೆ ಕಣಪ್ಪ. ಆ ಹುಡುಗ ಪಾಪ, ಯಾರು ಹೊಡೆದ್ರೋ ನಾನು ನೋಡ್ಲಿಲ್ಲಮ್ಮ ಅಂತ ನನ್ನ ಕೈ ಹಿಡ್ಕೊಂಡು ಅತ್ತ. ನಾನೂ ಅತ್ತೆ. ನೀನು ಅವತ್ತೇ ಹೇಳಿದ್ದಿದ್ರೆ ನನ್ನ ಬಸ್ ಚಾರ್ಜಾದ್ರೂ ಉಳೀತಿತ್ತು.”

ಕೋಪದಿಂದ ಹೇಳಲಿಲ್ಲ. ಕೋರ್ಟಿಗೋ ಪಂಚಾಯಿತಿಗೋ ಸಾಕ್ಷಿ ಹೇಳಬೇಕಾದವರು ಈಗಲೂ ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುತ್ತಾರೆ. ಹೇಳಬೇಕೇ ಬೇಡವೇ, ಹೇಳಿದರೆ ಯಾರಿಗೆ ಅನುಕೂಲ ಎಂದು ಕೇಳುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ: ಕಂಡದ್ದನ್ನು ಹೇಗೂ ಒಂದು ದಿನ ಹೇಳುತ್ತೀರಿ, ಅದನ್ನು ಇವತ್ತೇ ಹೇಳಿ. ನೀವು ಯೋಚಿಸುತ್ತ ಕೂತ ಅಷ್ಟೂ ದಿನ ಎಲ್ಲೋ ಒಬ್ಬ ತಾಯಿ ತನ್ನ ಮಗ ಮಾಡದ ತಪ್ಪಿಗೆ ಕ್ಷಮೆ ಕೇಳಲು ಬಸ್ಸಿಗೆ ಕಾಯುತ್ತಿರುತ್ತಾಳೆ.